ಓಟಿನ ದಿನ ಪೂರ್ತಿ ರಜೆಯೋ, ಸಂಬಳ ಕಟ್ ಇಲ್ಲದ ಮೂರು ಗಂಟೆಯೋ?

ಪಾಳಿಪಟ್ಟಿ

ಮೂರು ಪಾಳಿಯ ಘಟಕ ನಮ್ಮದು. ಯಾರು ಯಾವಾಗ ಬರಬೇಕು ಅಂತ ಪಟ್ಟಿ ಬರೆಯುವವನು ನಾನು. ಮುಂದಿನ ಚುನಾವಣೆ ಬರುವಷ್ಟರಲ್ಲಿ ಓಟಿನ ದಿನಕ್ಕೆ ಒಂದು ಗಟ್ಟಿ ಪದ್ಧತಿ ಮಾಡಿಡಿ ಅಂತ ಮೇಲಿನವರು ಹೇಳಿದ್ದಾರೆ. ಆಫೀಸಿನವರ ಉತ್ತರ ರೆಡಿ ಇತ್ತು: ಎಲ್ಲರಿಗೂ ಒಂದು ದಿನ ರಜೆ, ಸಂಬಳ ಕಟ್ ಇಲ್ಲ, ಮುಗೀತು.

ನನಗೆ ಅಷ್ಟು ಸುಲಭ ಅನ್ನಿಸುತ್ತಿಲ್ಲ. ಮತದಾನ ಬೆಳಿಗ್ಗೆ 7ರಿಂದ ಸಂಜೆ 6ರ ತನಕ ಅಂತ ಇಟ್ಟುಕೊಳ್ಳಿ. ಬೆಳಗಿನ ಪಾಳಿ 6ರಿಂದ 2. ಅವರಿಗೆ ಮಧ್ಯಾಹ್ನದ ಮೇಲೆ ನಾಲ್ಕು ಗಂಟೆ ಸಿಗುತ್ತದೆ. ಎರಡನೇ ಪಾಳಿ 2ರಿಂದ 10, ಅವರಿಗೆ ಬೆಳಗ್ಗೆಯೆಲ್ಲ ಬಿಡುವು. ರಾತ್ರಿ ಪಾಳಿಯವರಿಗೆ ಇಡೀ ಹಗಲು ಇದೆ, ಆದರೆ ನಿದ್ದೆಗೆಟ್ಟು ಸಾಲಲ್ಲಿ ನಿಲ್ಲಬೇಕು. ಜನರಲ್ ಶಿಫ್ಟ್ 9ರಿಂದ 5.30. ಅವರಿಗೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಅರ್ಧ ಗಂಟೆ. ಇನ್ನು ಸೆಕ್ಯುರಿಟಿಯವರು 8ರಿಂದ 8. ಅವರ ಕೈಯಲ್ಲಿ ಉಳಿಯುವುದು ಬೆಳಿಗ್ಗೆಯ ಒಂದು ಗಂಟೆ, ಅದರಲ್ಲೇ ಕೆಲಸದ ಜಾಗಕ್ಕೂ ಬರಬೇಕು. ಮತ್ತೆ ಅವರು ನಮ್ಮ ಹಾಜರಿ ಪುಸ್ತಕದಲ್ಲೇ ಇಲ್ಲ, ಕಂಟ್ರಾಕ್ಟರ್ ಕಡೆಯವರು.

ಒಂದು ವಿಭಾಗದಲ್ಲಿ ಕುಲುಮೆ ಇದೆ. ಅದನ್ನು ಒಂದು ದಿನದ ಮಟ್ಟಿಗೆ ಆರಿಸುವ ಹಾಗಿಲ್ಲ. ಪೂರ್ತಿ ರಜೆ ಕೊಡುವುದೋ, ಬೇಕಾದವರಿಗೆ ಮೂರು ಗಂಟೆ ಬಿಡುವು ಕೊಡುವುದೋ? ಇಂಥ ಕಡೆ ಕೆಲಸ ಮಾಡಿದವರು ಹೇಳಿ.

ಸುಮ್ನೆಒಬ್ಬ

ರಜೆ ಕೊಟ್ಟರೆ ಓಟು ಹಾಕುತ್ತಾರೆ ಅಂತ ಯಾರು ಹೇಳಿದ್ದು ಗುರೂ? ಅರ್ಧ ಜನ ಹಿಂದಿನ ಸಂಜೆಯೇ ಬ್ಯಾಗ್ ಕಟ್ಟುತ್ತಾರೆ. ಉಳಿದವರು ಹೊದ್ದು ಮಲಗುತ್ತಾರೆ. ಶುಕ್ರವಾರವೋ ಸೋಮವಾರವೋ ಬಂದರಂತೂ ಕೇಳಲೇಬೇಡಿ. ಬೆರಳಿನ ಶಾಯಿ ತೋರಿಸಿದವರಿಗೆ ಮಾತ್ರ ಆ ದಿನದ ಸಂಬಳ ಅಂತ ಮಾಡಿ. ಎಲ್ಲ ಸರಿಹೋಗುತ್ತದೆ.

ಕಾಯಿದೆಕಣ್ಣು

ಪಾಳಿಪಟ್ಟಿಯವರೇ, ನಿಮ್ಮ ಘಟಕ ಭಾರತದಲ್ಲಿದ್ದರೆ ಅರ್ಧ ಪ್ರಶ್ನೆಗೆ ಕಾಯಿದೆಯೇ ಉತ್ತರ ಕೊಟ್ಟಿದೆ. ಜನಪ್ರತಿನಿಧಿ ಕಾಯಿದೆ 1951ರ 135ಬಿ ಕಲಂ ಓದಿ. 1996ರ ತಿದ್ದುಪಡಿಯಲ್ಲಿ ಸೇರಿಸಿದ್ದು. ವ್ಯಾಪಾರ, ಉದ್ದಿಮೆ, ಇನ್ನಾವುದೇ ಸಂಸ್ಥೆಯಲ್ಲಿ ಕೆಲಸಕ್ಕಿರುವ, ಓಟಿನ ಹಕ್ಕಿರುವ ಪ್ರತಿಯೊಬ್ಬರಿಗೂ ಮತದಾನದ ದಿನ ರಜೆ ಕೊಡಬೇಕು. ಗಂಟೆ ಲೆಕ್ಕ ಅಲ್ಲ, ರಜೆ. ಸಂಬಳ ಹಿಡಿಯುವಂತಿಲ್ಲ.

ಅದರಲ್ಲಿ ಎರಡನೇ ಉಪಕಲಂ ಇದೆ, ಅದನ್ನು ಯಾರೂ ಓದುವುದೇ ಇಲ್ಲ. ಕೆಲಸಕ್ಕೆ ಬಂದ ದಿನಕ್ಕೆ ಮಾತ್ರ ಕೂಲಿ ಅನ್ನುವ ಕರಾರಿನ ಮೇಲೆ ಇರುವವನಿಗೂ, ರಜೆ ಇಲ್ಲದಿದ್ದರೆ ಆ ದಿನ ಎಷ್ಟು ಸಿಗುತ್ತಿತ್ತೋ ಅಷ್ಟು ಕೊಡಬೇಕು. ಅಂದರೆ ದಿನಗೂಲಿಯವರೂ ಸೇರಿದರು. ಚುನಾವಣಾ ಆಯೋಗವೂ ಇದನ್ನು ಬಿಡಿಸಿ ಹೇಳಿದೆ. ಕೆಲಸದ ಜಾಗ ಒಂದು ಕ್ಷೇತ್ರದಲ್ಲಿ, ಓಟು ಇನ್ನೊಂದು ಕ್ಷೇತ್ರದಲ್ಲಿ ಇದ್ದರೂ ರಜೆ ಸಿಗಬೇಕು ಅಂತಲೂ ಹೇಳಿದೆ.

ಹುಳುಕು ಎರಡು ಕಡೆ ಇದೆ. ಒಂದು, ತಪ್ಪಿದ ಮಾಲೀಕನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಇನ್ನೊಂದು, ಇದು ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗೆ ಮಾತ್ರ. ಪಂಚಾಯಿತಿ, ನಗರಸಭೆ ಚುನಾವಣೆ ಈ ಕಲಮಿನಲ್ಲಿ ಇಲ್ಲ. ಅಲ್ಲಿ ರಾಜ್ಯ ಸರ್ಕಾರ ಬೇರೆ ಆದೇಶ ಹೊರಡಿಸಿದರೆ ಉಂಟು.

ಸುಮ್ನೆಒಬ್ಬ ಅವರಿಗೆ: ರಜೆ ಯಾರಿಗೆ ಅಂದರೆ "ಓಟಿನ ಹಕ್ಕಿರುವವರಿಗೆ" ಅಂತ ಇದೆ, "ಓಟು ಹಾಕಿದವರಿಗೆ" ಅಂತ ಇಲ್ಲ. ಶಾಯಿ ನೋಡಿ ಸಂಬಳ ಕೊಡುವ ಅಧಿಕಾರ ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ.

ಗೇಟ್‌ನವ

ನಾನು ಆ 8ರಿಂದ 8ರವನು. ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ರಜೆ ಅಂತ ನೋಟಿಸ್ ಹಾಕುತ್ತಾರೆ. ಒಳಗಿನವರೆಲ್ಲ ಮನೆಗೆ ಹೋಗುತ್ತಾರೆ. ಒಳಗೆ ಯಾರೂ ಇಲ್ಲ ಅಂದಮೇಲೆ ಗೇಟಿಗೆ ಇನ್ನೂ ಒಬ್ಬ ಜಾಸ್ತಿ ಬೇಕು ಅನ್ನುತ್ತಾರೆ. ಬೇರೆಯವರ ರಜೆ ಅಂದರೆ ನಮಗೆ ಡ್ಯೂಟಿ.

ಹಿಂದೆ ಇದ್ದ ಕಡೆ ಕೇಳಿದೆ. ಸೂಪರ್‌ವೈಸರ್ "ಹೋಗಿ ಬಾರಪ್ಪ, ಯಾರು ಬೇಡ ಅಂದರು" ಅಂದರು. ಹೋದೆ. ತಿಂಗಳ ಕೊನೆಗೆ ನೋಡಿದರೆ ಅರ್ಧ ದಿನದ ಕೂಲಿ ಇಲ್ಲ. ಅದೂ ಹೋಗಲಿ, ಹಾಜರಾತಿ ಬೋನಸ್ ಪೂರ್ತಿ ಹೋಯಿತು. ಒಂದು ದಿನವೂ ತಪ್ಪಿಸದಿದ್ದರೆ ಮಾತ್ರ ಬೋನಸ್ ಅಂತೆ. ಓಟು ಹಾಕಲು ಹೋಗಿದ್ದಕ್ಕೆ ಗೈರು ಅಂತ ಬರೆದಿದ್ದರು. ಹಿಡಿದ ಕೂಲಿಗಿಂತ ಹೋದ ಬೋನಸ್ಸೇ ದೊಡ್ಡದು.

ಎಚ್‌ಆರ್‌ಹುಡುಗಿ

ಅಣ್ಣಾ, ನೀವು ಹೇಳಿದ್ದು ಎಷ್ಟು ಕಡೆ ನಡೆಯುತ್ತದೆ ಗೊತ್ತಾ? ಬೇಕಂತಲೇ ಮಾಡುವುದಕ್ಕಿಂತ ಸಾಫ್ಟ್‌ವೇರ್‌ನಿಂದ ಆಗುವುದೇ ಜಾಸ್ತಿ. ಪಂಚ್ ಇಲ್ಲದ ದಿನವನ್ನು ಅದು ಗೈರು ಅಂತ ತೆಗೆದುಕೊಳ್ಳುತ್ತದೆ. ಓಟಿನ ದಿನಕ್ಕೆ ಬೇರೆ ಕೋಡ್ ಹಾಕದಿದ್ದರೆ ಸಿಎಲ್ (ಸಾಂದರ್ಭಿಕ ರಜೆ) ತಿನ್ನುತ್ತದೆ, ಸಿಎಲ್ ಮುಗಿದಿದ್ದರೆ ಲಾಸ್ ಆಫ್ ಪೇ ಅಂತ ಹಾಕಿ ಆ ದಿನದ ಸಂಬಳ ಹಿಡಿಯುತ್ತದೆ. ಹಾಜರಾತಿ ಬೋನಸ್ ತಾನಾಗಿಯೇ ಸೊನ್ನೆ. ಕೇಳಿದರೆ "ಸಿಸ್ಟಮ್‌ನಲ್ಲಿ ಹಾಗೆ ಬಂದಿದೆ" ಅನ್ನುವ ಉತ್ತರ.

ಪಾಳಿಪಟ್ಟಿ ಸರ್, ರಜೆಯೋ ಗಂಟೆಯೋ ಅನ್ನುವುದಕ್ಕಿಂತ ಮೊದಲು ಇದನ್ನು ಮಾಡಿ. ಓಟಿಗೆ ಹೋದ ಸಮಯ "ಹಾಜರಿ" ಅಂತಲೇ ದಾಖಲಾಗಬೇಕು. ಬೋನಸ್, ಇನ್ಸೆಂಟಿವ್, ಗಳಿಕೆ ರಜೆ, ಎಲ್ಲದರ ಲೆಕ್ಕಕ್ಕೂ.

ಸಣ್ಣಘಟಕ

ಎಲ್ಲರೂ ಮಾಲೀಕನ ಜೇಬಿಗೇ ಕೈ ಹಾಕುತ್ತಿದ್ದೀರಿ, ಹಾಕಿ. ನನ್ನ ಮಾತನ್ನೂ ಕೇಳಿ. ನನ್ನ ಹತ್ತಿರ ಕೆಲಸದವರು ಕೈಬೆರಳೆಣಿಕೆಯಷ್ಟು ಜನ. ದೊಡ್ಡ ಕಂಪನಿಗೆ ಮಾಲು ಕೊಡಬೇಕು. ಅವರ ಆರ್ಡರ್‌ನಲ್ಲಿ "ಓಟಿನ ದಿನ ಬಿಟ್ಟು" ಅಂತ ಬರೆದಿರುವುದಿಲ್ಲ. ತಡವಾದರೆ ಬಿಲ್ಲಿನಲ್ಲಿ ಹಿಡಿಯುತ್ತಾರೆ. ಆ ದಿನದ ಕೂಲಿಯೂ ನನ್ನದು, ತಡದ ದಂಡವೂ ನನ್ನದು.

ಹಾಗಂತ ಕೊಡುವುದಿಲ್ಲ ಅಂತಲ್ಲ. ಕೊಡುತ್ತೇನೆ. ಆದರೆ ಪೂರ್ತಿ ದಿನ ಬೇಕೇ ಅನ್ನುವುದು ನನ್ನ ಪ್ರಶ್ನೆ. ಬೂತ್ ಎರಡು ಬೀದಿ ಆಚೆ ಇರುವವನಿಗೆ ಒಂದು ಗಂಟೆ ಸಾಕಲ್ವಾ?

ಹಿಮದೂರು

ನಾನು ಕೆನಡಾದಲ್ಲಿ ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಪೌರತ್ವ ಸಿಕ್ಕಿದೆ, ಹಾಗಾಗಿ ಓಟೂ ಇದೆ. ಇಲ್ಲಿ ಫೆಡರಲ್ ಚುನಾವಣೆಗೆ ರಜೆ ಅಂತ ಇಲ್ಲ. ಬದಲಿಗೆ ಹೀಗೆ: ಮತದಾನದ ಸಮಯದೊಳಗೆ ಪ್ರತಿಯೊಬ್ಬ ಮತದಾರನಿಗೂ ಸತತ ಮೂರು ಗಂಟೆ ಬಿಡುವು ಇರಬೇಕು. ನಿಮ್ಮ ಶಿಫ್ಟ್‌ನಲ್ಲಿ ಅದು ತಾನಾಗಿಯೇ ಸಿಗುತ್ತಿದ್ದರೆ ಏನೂ ಕೊಡಬೇಕಿಲ್ಲ. ಸಿಗದಿದ್ದರೆ ಕೊರತೆ ಬಿದ್ದಷ್ಟನ್ನು ಮಾಲೀಕ ತುಂಬಿಕೊಡಬೇಕು, ಸಂಬಳ ಹಿಡಿಯದೆ. ಯಾವ ಹೊತ್ತಿಗೆ ಅನ್ನುವುದನ್ನು ಅವನೇ ನಿರ್ಧರಿಸಬಹುದು.

"ಸತತ" ಅನ್ನುವುದು ಮುಖ್ಯ. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಅರ್ಧ, ಸಂಜೆ ಒಂದೂವರೆ ಅಂತ ತುಂಡು ಕೂಡಿಸಿ ಮೂರು ಮಾಡುವಂತಿಲ್ಲ. ಸಣ್ಣಘಟಕದವರಿಗೆ ಇಂಥದ್ದು ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಊರಾಚೆ ಲಾರಿ, ರೈಲು ಓಡಿಸುವ ಕೆಲಸದವರಿಗೆ ಮಾತ್ರ ವಿನಾಯಿತಿ ಇದೆ. ಅವರು ಮುಂಚಿತ ಮತದಾನವನ್ನೋ ಅಂಚೆ ಮತವನ್ನೋ ನಂಬಬೇಕು.

ಕಾಯಿದೆಕಣ್ಣು

ಹಿಮದೂರು ಹೇಳಿದ ಮಾದರಿ ಅಮೆರಿಕದ ಕೆಲವು ರಾಜ್ಯಗಳಲ್ಲೂ ಇದೆ. ಅಲ್ಲಿ ದೇಶಕ್ಕೆಲ್ಲ ಒಂದೇ ಕಾಯಿದೆ ಇಲ್ಲ. ಮತದಾನ ಮಾತ್ರ ಮಂಗಳವಾರ, ಕೆಲಸದ ದಿನ. 1845ರಲ್ಲಿ ಗೊತ್ತುಮಾಡಿದ ವಾರ ಅದು. ಕ್ಯಾಲಿಫೋರ್ನಿಯಾದಲ್ಲಿ ಎರಡು ಗಂಟೆವರೆಗೆ ಸಂಬಳ ಸಹಿತ ಬಿಡುವು, ಎರಡು ಕೆಲಸದ ದಿನ ಮುಂಚೆ ಹೇಳಬೇಕು. ಪಕ್ಕದ ರಾಜ್ಯದಲ್ಲಿ ಏನೂ ಇರದೆಯೂ ಇರಬಹುದು.

ಒಂದು ಹಳೇ ಕೇಸ್ ಇದೆ, ಚೆನ್ನಾಗಿದೆ. ಮಿಸೂರಿ ರಾಜ್ಯದಲ್ಲಿ ಓಟಿಗೆ ನಾಲ್ಕು ಗಂಟೆ ಬಿಡುವು, ಸಂಬಳ ಹಿಡಿಯುವಂತಿಲ್ಲ ಅನ್ನುವ ಕಾಯಿದೆ ಇತ್ತು. 1946ರ ಚುನಾವಣೆಯ ದಿನ ಒಂದು ದೀಪ ತಯಾರಿಸುವ ಕಂಪನಿ, ಡೇ-ಬ್ರೈಟ್ ಲೈಟಿಂಗ್, ಕೆಲಸದವರನ್ನು 3 ಗಂಟೆಗೆ ಬಿಟ್ಟಿತು. ಮತದಾನ 7ಕ್ಕೆ ಮುಗಿಯುತ್ತಿತ್ತು. ನಾಲ್ಕು ಗಂಟೆ ಆಯಿತಲ್ಲ! ಪಾಳಿ ಇದ್ದದ್ದು 4.30ರವರೆಗೆ. ಒಬ್ಬ ಕೆಲಸಗಾರನಿಗೆ ಆ ಒಂದೂವರೆ ಗಂಟೆಯ ಕೂಲಿ ಹಿಡಿದರು. ಸಮಯ ಕೊಟ್ಟಿದ್ದೇವೆ, ದುಡ್ಡು ಯಾಕೆ ಕೊಡಬೇಕು, ಇದು ನಮ್ಮ ಆಸ್ತಿಯನ್ನು ಕಿತ್ತುಕೊಂಡಂತೆ ಅಂತ ಕಂಪನಿಯ ವಾದ. ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1952ರಲ್ಲಿ ಕಂಪನಿ ಸೋತಿತು.

ಅಷ್ಟು ದೊಡ್ಡ ಕಂಪನಿ ಒಂದೂವರೆ ಗಂಟೆಯ ಕೂಲಿಗಾಗಿ ದೇಶದ ದೊಡ್ಡ ಕೋರ್ಟಿನ ಮೆಟ್ಟಿಲು ಹತ್ತಿತು. ಎಲ್ಲ ಕಡೆಯೂ ಜಗಳ ಇರುವುದು ಸಮಯಕ್ಕಲ್ಲ, ಆ ಸಮಯದ ಸಂಬಳಕ್ಕೆ. ಜಪಾನಿನ ಕಾರ್ಮಿಕ ಕಾಯಿದೆ ಓಟಿಗೆ ಸಮಯ ಕೇಳಿದರೆ ಇಲ್ಲ ಅನ್ನುವಂತಿಲ್ಲ ಅನ್ನುತ್ತದೆ, ಆದರೆ ಆ ಸಮಯಕ್ಕೆ ಸಂಬಳ ಕೊಡಲೇಬೇಕು ಅಂತ ಹೇಳುವುದಿಲ್ಲ.

ಸುಮ್ನೆಒಬ್ಬ

ಸರಿ ಸ್ವಾಮಿ, ಭಾನುವಾರ ಚುನಾವಣೆ ಇಟ್ಟುಬಿಡಲಿ. ಜರ್ಮನಿ, ಫ್ರಾನ್ಸ್, ಅದೇ ಜಪಾನ್ ಎಲ್ಲ ಕಡೆ ಭಾನುವಾರ. ಆಸ್ಟ್ರೇಲಿಯಾದಲ್ಲಿ ಶನಿವಾರ. ಯಾರ ಸಂಬಳವೂ ಬೇಡ, ಯಾರ ನಷ್ಟವೂ ಇಲ್ಲ.

ವಾರ್ಡ್‌ನರ್ಸ್

ಭಾನುವಾರ ಯಾರಿಗೆ ರಜೆ ಸರ್? ನಿಮಗೆ. ಆಸ್ಪತ್ರೆ, ಹೋಟೆಲ್, ಬಸ್ಸು, ಅಂಗಡಿ, ಪೆಟ್ರೋಲ್ ಬಂಕ್, ನೀವು ಆರ್ಡರ್ ಮಾಡಿದ್ದನ್ನು ತಂದುಕೊಡುವ ಹುಡುಗ, ಇವರಿಗೆಲ್ಲ ಭಾನುವಾರವೇ ಕೆಲಸ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಶನಿವಾರ ಇಟ್ಟೂ ಎರಡು ಗಂಟೆವರೆಗಿನ ಬಿಡುವು ಕಾಯಿದೆಯಲ್ಲಿ ಇಟ್ಟುಕೊಂಡಿದ್ದಾರೆ, ಮುಂಚಿತವಾಗಿ ಓಟು ಹಾಕುವ ವ್ಯವಸ್ಥೆಯೂ ಇದೆ. ವಾರದ ಕೊನೆ ಒಂದೇ ಸಾಕಾಗುತ್ತಿದ್ದರೆ ಅವೆಲ್ಲ ಯಾಕೆ?

ನಮ್ಮ ವಾರ್ಡಿನ ಮಾತು ಹೇಳುತ್ತೇನೆ. ಓಟಿನ ದಿನವೂ ರೋಗಿ ಇರುತ್ತಾರೆ. ನಮಗೆ ರಜೆ ಕೊಡಿ ಅಂತ ನಾವು ಕೇಳುವುದೂ ಇಲ್ಲ. ಕೇಳುವುದು ರಿಲೀವರ್, ಅಂದರೆ ನಮ್ಮ ಬದಲಿಗೆ ನಿಲ್ಲುವವರನ್ನು, ಕೊಡಿ ಅಂತ. ಹ್ಯಾಂಡ್‌ಓವರ್ ಕೊಡದೆ ಎದ್ದು ಹೋಗಲು ಆಗುವುದಿಲ್ಲ. ನಮ್ಮಲ್ಲೇ ಒಂದು ಉಪಾಯ ಮಾಡಿಕೊಂಡೆವು. ಬೂತ್ ಹತ್ತಿರ ಇರುವವರು ಬೆಳಿಗ್ಗೆ 7ಕ್ಕೇ ಹೋಗಿ ಬಂದು, ದೂರದವರನ್ನು ಮಧ್ಯಾಹ್ನ ಬಿಡುವುದು. ಜೋಡಿ ಜೋಡಿಯಾಗಿ ಹೆಸರು ಬರೆದು ಗೋಡೆಗೆ ಅಂಟಿಸಿದೆವು. ಮೇಟ್ರನ್ ಸಹಿ ಹಾಕಿದರು. ಆದರೆ ಅದು ನಮ್ಮ ಒಳ ಹೊಂದಾಣಿಕೆ. ಇನ್‌ಚಾರ್ಜ್ ಬೇರೆಯವರಾಗಿದ್ದರೆ ಆಗುತ್ತಿತ್ತೋ ಇಲ್ಲವೋ.

ಅಂಚೆ ಮತ ಅನ್ನುವವರಿಗೆ: ಅಗತ್ಯ ಸೇವೆಯವರಿಗೆ ಇದೆ, ಆಯೋಗ ಆ ಸೇವೆಯನ್ನು ಪಟ್ಟಿಯಲ್ಲಿ ಹಾಕಿದ್ದರೆ. 12ಡಿ ಫಾರಂ ತುಂಬಬೇಕು, ಅದೂ ಅಧಿಸೂಚನೆ ಹೊರಟ ಐದು ದಿನದೊಳಗೆ. ಆ ಐದು ದಿನದಲ್ಲಿ ನಮಗೆ ವಿಷಯ ಮುಟ್ಟಿಸುವವರು ಯಾರು?

ಮೇಷ್ಟ್ರು

ಚುನಾವಣಾ ಡ್ಯೂಟಿ ಮಾಡುವವರನ್ನು ಎಲ್ಲರೂ ಮರೆತಿರಿ. ಊರಿಗೆಲ್ಲ ಓಟು ಹಾಕಿಸುವವರು ನಾವು, ನಮ್ಮ ಬೂತ್ ಎಲ್ಲೋ ಇರುತ್ತದೆ. ಫಾರಂ 12 ಕೊಟ್ಟರೆ ಅಂಚೆ ಮತ. ಡ್ಯೂಟಿ ಅದೇ ಕ್ಷೇತ್ರದಲ್ಲಿದ್ದರೆ 12ಎ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಂಡು, ಡ್ಯೂಟಿ ಇರುವ ಬೂತಿನಲ್ಲೇ ಹಾಕಬಹುದು. ತರಬೇತಿಯ ದಿನವೇ ಫಾರಂ ತುಂಬಿ. ಆಮೇಲೆ ನೋಡೋಣ ಅಂದವರು ಹಾಗೇ ಉಳಿಯುತ್ತಾರೆ.

ಇನ್ನೊಂದು ವಿಷಯ ಎಲ್ಲರಿಗೂ ಉಪಯೋಗ. ಮುಗಿಯುವ ಹೊತ್ತಿಗೆ ಸಾಲಲ್ಲಿ ನಿಂತಿದ್ದರೆ ಸಾಕು, ಚೀಟಿ ಕೊಟ್ಟು ಓಟು ಹಾಕಿಸುತ್ತೇವೆ. 6ಕ್ಕೆ ಮುಗಿಯುತ್ತದೆ ಅಂದರೆ 6ರೊಳಗೆ ಬಟನ್ ಒತ್ತಿರಬೇಕು ಅಂತಲ್ಲ. ಜನರಲ್ ಶಿಫ್ಟಿನವರು ಇದು ಗೊತ್ತಿಲ್ಲದೆ ಅರ್ಧ ದಾರಿಯಿಂದ ವಾಪಸ್ ಹೋಗುತ್ತಾರೆ.

ದೂರದೂರು

ನನ್ನಂಥವರ ಕತೆ ಬೇರೆ. ಕೆಲಸ ಇಲ್ಲಿ, ಓಟು ಇನ್ನೊಂದು ರಾಜ್ಯದಲ್ಲಿ. 2024ರ ಲೋಕಸಭೆ ಚುನಾವಣೆ ಏಳು ಹಂತದಲ್ಲಿ ನಡೆಯಿತು, ಏಪ್ರಿಲ್ 19ರಿಂದ ಜೂನ್ 1ರವರೆಗೆ. ಇಲ್ಲಿ ಮತದಾನ ಆದ ದಿನ ನನಗೆ ರಜೆ ಸಿಕ್ಕಿತು, ಓಟು ಇಲ್ಲಿಲ್ಲ. ನಮ್ಮ ಕಡೆ ಮತದಾನ ಆದ ದಿನ ಇಲ್ಲಿ ಮಾಮೂಲಿ ಕೆಲಸದ ದಿನ. ರಜೆ ಕೇಳಿದರೆ "ಆಗಲೇ ಕೊಟ್ಟಾಯಿತಲ್ಲ" ಅಂದರು.

ರಜೆ ಕೊಟ್ಟರೂ ಒಂದು ದಿನದಲ್ಲಿ ಹೋಗಿ ಬರಲಾಗದು. ಟಿಕೆಟ್ ದುಡ್ಡು, ಹೋಗುವ ದಿನ, ಬರುವ ದಿನ, ಎಲ್ಲ ನನ್ನ ಲೆಕ್ಕ.

ಎಚ್‌ಆರ್‌ಹುಡುಗಿ

ಓಟನ್ನು ಇಲ್ಲಿಗೇ ವರ್ಗ ಮಾಡಿಸಿಕೊಳ್ಳಬಹುದಲ್ವಾ? ಫಾರಂ 8.

ದೂರದೂರು

ಮಾಡಿಸಬಹುದು ಮೇಡಂ. ಆದರೆ ಕಂಟ್ರಾಕ್ಟರ್ ಎಲ್ಲಿಗೆ ಕಳಿಸುತ್ತಾನೋ ಅಲ್ಲಿಗೆ ನಾವು. ಇರುವ ಜಾಗಕ್ಕೆ ವಿಳಾಸದ ದಾಖಲೆ ಯಾರು ಕೊಡುತ್ತಾರೆ? ಶೆಡ್‌ಗೆ ಬಾಡಿಗೆ ಕರಾರು ಇರುತ್ತದಾ? ಮತ್ತೆ ಊರಿನಲ್ಲಿ ಹೆಸರು ತೆಗೆಸಿದರೆ ಅಲ್ಲಿಯ ಪಂಚಾಯಿತಿ ಓಟೂ ಹೋಗುತ್ತದೇನೋ ಅನ್ನುವ ಭಯ. ನಮಗೆ ಎಂಪಿಗಿಂತ ಅದೇ ಹತ್ತಿರ.

ಕಾಯಿದೆಕಣ್ಣು

ಇದಕ್ಕೆ ರಜೆ ಉತ್ತರ ಅಲ್ಲ, ಒಪ್ಪುತ್ತೇನೆ. 2022ರ ಡಿಸೆಂಬರ್‌ನಲ್ಲಿ ಚುನಾವಣಾ ಆಯೋಗ ವಲಸೆ ಮತದಾರರಿಗಾಗಿ ಒಂದು ಮಾದರಿ ಯಂತ್ರದ ಪ್ರಸ್ತಾಪ ಮಾಡಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಓಟು ಹಾಕಿಸಬಹುದು ಅಂತ. ಎಷ್ಟೋ ಪಕ್ಷಗಳು ಒಪ್ಪಲಿಲ್ಲ, ಅದು ಅಲ್ಲೇ ಉಳಿಯಿತು. "ಆಗಲೇ ಕೊಟ್ಟಾಯಿತು" ಅನ್ನುವ ಮಾತು ಮಾತ್ರ ಸುಳ್ಳು. ನಿಮ್ಮ ಕ್ಷೇತ್ರದ ಮತದಾನದ ದಿನ ನಿಮಗೆ ರಜೆಯ ಹಕ್ಕಿದೆ.

ಪಾಳಿಪಟ್ಟಿ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ನಮ್ಮದು ಭಾರತದ್ದೇ ಘಟಕ. ಹಾಗಾದರೆ ಪೂರ್ತಿ ರಜೆ ಕೊಡಲೇಬೇಕು, ಅದು ತೀರ್ಮಾನ ಆಯಿತು. ಕುಲುಮೆ ವಿಭಾಗದ್ದೇ ತಲೆನೋವು. ಕಾಯಿದೆಕಣ್ಣು ಸರ್, ಅಪಾಯ ಅಥವಾ ದೊಡ್ಡ ನಷ್ಟ ಆಗುವಂತಿದ್ದರೆ ವಿನಾಯಿತಿ ಇದೆ ಅಂತ ನಮ್ಮ ಮ್ಯಾನೇಜರ್ ಹೇಳುತ್ತಾರೆ. ಅದನ್ನು ಹಿಡಿದುಕೊಂಡು ಇಡೀ ಘಟಕಕ್ಕೇ ರಜೆ ಇಲ್ಲ ಅನ್ನಬಹುದಾ?

ಇನ್ನೊಂದು. ರಾತ್ರಿ ಪಾಳಿ 10ಕ್ಕೆ ಶುರುವಾಗಿ ಮರುದಿನ 6ಕ್ಕೆ ಮುಗಿಯುತ್ತದೆ. ಓಟಿನ ದಿನದ ರಜೆ ಅಂದರೆ ಅವರಿಗೆ ಯಾವ ರಾತ್ರಿಯ ರಜೆ?

ಕಾಯಿದೆಕಣ್ಣು

ಆ ನಾಲ್ಕನೇ ಉಪಕಲಮನ್ನು ನಿಧಾನವಾಗಿ ಓದಿ. "ಯಾವ ಮತದಾರನ ಗೈರಿನಿಂದ ಅವನು ಮಾಡುವ ಕೆಲಸಕ್ಕೆ ಅಪಾಯವೋ ದೊಡ್ಡ ನಷ್ಟವೋ ಆಗಬಹುದೋ ಅವನಿಗೆ" ಅನ್ನುವ ಅರ್ಥ ಬರುತ್ತದೆ. ಮಾತು ಇರುವುದು ಒಬ್ಬೊಬ್ಬ ಮತದಾರನ ಬಗ್ಗೆ. ಇಡೀ ಘಟಕದ ಬಗ್ಗೆ ಅಲ್ಲ. ಕುಲುಮೆ ಮುಂದೆ ನಿಲ್ಲುವವನು ಅದರಲ್ಲಿ ಬರಬಹುದು. ಪ್ಯಾಕಿಂಗ್‌ನವನು, ಸ್ಟೋರ್‌ನವನು ಬರುವುದಿಲ್ಲ. ಕುಲುಮೆಯವನಿಗೂ ರಜೆ ಇಲ್ಲ ಅಂದಮಾತ್ರಕ್ಕೆ ಓಟೂ ಇಲ್ಲ ಅಂತಲ್ಲ. ಅಲ್ಲಿ ನಿಮ್ಮ ಮೂರು ಗಂಟೆ ಉಪಯೋಗಕ್ಕೆ ಬರುತ್ತದೆ. ರಿಲೀವರ್ ಹಾಕಿ ಬಿಡಿ.

ರಾತ್ರಿ ಪಾಳಿಗೆ ಕಲಮಿನಲ್ಲಿ ಬಿಡಿಸಿದ ಉತ್ತರ ಇಲ್ಲ. "ಮತದಾನದ ದಿನ" ಅಂತಷ್ಟೇ ಇದೆ.

ಗೇಟ್‌ನವ

ರಾತ್ರಿ ಪಾಳಿ ಮಾಡಿದವನಾಗಿ ಹೇಳುತ್ತೇನೆ. ಹಿಂದಿನ ರಾತ್ರಿಗೇ ರಜೆ ಕೊಡಿ. ಓಟಿನ ದಿನ ರಾತ್ರಿ ರಜೆ ಕೊಟ್ಟರೆ ಏನು ಬಂತು, ಅಷ್ಟೊತ್ತಿಗೆ ಬೂತ್ ಮುಚ್ಚಿ ಪೆಟ್ಟಿಗೆ ಹೋಗಿರುತ್ತದೆ. ರಾತ್ರಿಯಿಡೀ ದುಡಿದು ಬೆಳಿಗ್ಗೆ 6ಕ್ಕೆ ಬಿಟ್ಟವನು 7ಕ್ಕೆ ಸಾಲಲ್ಲಿ ನಿಲ್ಲುತ್ತಾನೋ, ಹಾಸಿಗೆ ನೋಡುತ್ತಾನೋ?

ಸಣ್ಣಘಟಕ

ಇದು ನ್ಯಾಯದ ಮಾತು. ನಾನೂ ಒಂದು ಕೇಳುತ್ತೇನೆ. ನಮ್ಮಲ್ಲಿ ಕೆಲವರು ಪೀಸ್ ರೇಟ್ ಮೇಲೆ ಇದ್ದಾರೆ. ಎಷ್ಟು ಪೀಸ್ ಮಾಡಿದರೆ ಅಷ್ಟು ದುಡ್ಡು. ರಜೆಯ ದಿನ ಪೀಸ್ ಸೊನ್ನೆ. ಅವರಿಗೆ ಏನು ಕೊಡುವುದು?

ಎಚ್‌ಆರ್‌ಹುಡುಗಿ

ಹಿಂದಿನ ಕೆಲವು ವಾರದ ಗಳಿಕೆ ತೆಗೆದು, ಕೆಲಸ ಮಾಡಿದ ದಿನದಿಂದ ಭಾಗಿಸಿ, ಆ ಸರಾಸರಿ ಕೊಡಿ ಸರ್. ಯಾವ ವಾರಗಳು ಅನ್ನುವುದನ್ನು ಚುನಾವಣೆಗೆ ಮುಂಚೆಯೇ ಬರೆದಿಡಿ. ಆಮೇಲೆ ಆರಿಸಿದರೆ ಕೆಲಸ ಕಡಿಮೆ ಇದ್ದ ವಾರವನ್ನೇ ಆರಿಸಿದರು ಅಂತ ಮಾತು ಬರುತ್ತದೆ, ಬರಬೇಕಾದದ್ದೇ.

ಆ್ಯಪ್ ಮೇಲೆ ಡೆಲಿವರಿ ಮಾಡುವವರಿಗೆ ಈ ಲೆಕ್ಕವೂ ಇಲ್ಲ. ಅವರನ್ನು ಯಾರೂ ನೌಕರರು ಅಂತ ಕರೆಯುವುದಿಲ್ಲ. ಲಾಗಿನ್ ಗಂಟೆ ಕಡಿಮೆ ಆದರೆ ಇನ್ಸೆಂಟಿವ್ ಹೋಗುತ್ತದೆ. ಅವರ ವಿಷಯ ಇಲ್ಲಿ ಬಗೆಹರಿಯುವುದಿಲ್ಲ, ಆದರೆ ಮರೆತು ಮಾತಾಡುವುದೂ ಸರಿಯಲ್ಲ.

ಸುಮ್ನೆಒಬ್ಬ

ನಾನು ಶಾಯಿ ವಿಷಯ ಇನ್ನೂ ಬಿಟ್ಟಿಲ್ಲ. ದುಡ್ಡು ಕೊಡುವವನು ಕೇಳಬಾರದಾ? ದಕ್ಷಿಣ ಕೊರಿಯಾದಲ್ಲಿ ಓಟು ಹಾಕಿದ್ದಕ್ಕೆ ಸರ್ಟಿಫಿಕೇಟ್ ಕೊಡುತ್ತಾರೆ.

ವಾರ್ಡ್‌ನರ್ಸ್

ಬೇಕಾದವರು ತೆಗೆದುಕೊಳ್ಳುತ್ತಾರೆ ಸರ್. ಆಫೀಸಿನಲ್ಲಿ ಸಾಲಾಗಿ ನಿಲ್ಲಿಸಿ ಬೆರಳು ನೋಡುವುದೇ ಬೇರೆ. ಇವತ್ತು ಬೆರಳು ನೋಡುವ ಮಾಲೀಕ ನಾಳೆ "ಯಾರಿಗೆ ಹಾಕಿದೆ" ಅಂತ ಕೇಳಲು ಎಷ್ಟು ಹೊತ್ತು ಬೇಕು? ಅವನ ಕೈಕೆಳಗೆ ದುಡಿಯುವವನಿಗೆ ಅದನ್ನು ತಮಾಷೆ ಅಂತ ತೆಗೆದುಕೊಳ್ಳಲು ಆಗುವುದಿಲ್ಲ.

ಪಾಳಿಪಟ್ಟಿ

ಇವತ್ತು ಕೂತು ಕರಡು ಬರೆದೆ. ಕುಲುಮೆ ಬಿಟ್ಟು ಉಳಿದ ಎಲ್ಲರಿಗೂ ಪೂರ್ತಿ ರಜೆ. ರಾತ್ರಿ ಪಾಳಿಯವರಿಗೆ ಹಿಂದಿನ ರಾತ್ರಿ. ಕುಲುಮೆಯವರಿಗೆ ಸತತ ಮೂರು ಗಂಟೆ, ನರ್ಸ್ ಮೇಡಂ ಹೇಳಿದ ಹಾಗೆ ಜೋಡಿ ಹೆಸರು ಬರೆದು, ಬೂತ್ ದೂರ ಇರುವವರು ಮೊದಲು ಹೊತ್ತು ಆರಿಸಿಕೊಳ್ಳುವಂತೆ. ಇನ್ನೊಂದು ದಿನ ಕಾಂಪ್ ಆಫ್, ಅಂದರೆ ಬದಲಿ ರಜೆ. ಬೇರೆ ಕ್ಷೇತ್ರದವರು ತಮ್ಮ ದಿನವನ್ನು ಮುಂಚೆ ಬರೆದುಕೊಟ್ಟರೆ ಆ ದಿನವೇ ರಜೆ, ಹಿಂದೆ ಮುಂದೆ ಬೇಕಾದ ದಿನಕ್ಕೆ ಅವರ ಗಳಿಕೆ ರಜೆಯನ್ನು ಇಲ್ಲ ಅನ್ನದೆ ಕೊಡುವುದು. ಎಲ್ಲವೂ ಹಾಜರಿ ಕೋಡ್. ಬೆರಳು ನೋಡುವುದಿಲ್ಲ. ಪಂಚಾಯಿತಿ, ನಗರಸಭೆ ಚುನಾವಣೆಗೂ ಇದೇ ಅಂತ ಸೇರಿಸಿದ್ದೇನೆ, ಮೇಲಿನವರು ಅದನ್ನು ಹೊಡೆದು ಹಾಕಬಹುದು.

ಮ್ಯಾನೇಜರ್ ಓದಿ ಒಂದೇ ಪ್ರಶ್ನೆ ಕೇಳಿದರು: "ಕಾಂಪ್ ಆಫ್ ಯಾಕೆ, ಮೂರು ಗಂಟೆ ಕೊಟ್ಟಿದ್ದೇವಲ್ಲ?" ಉಳಿದವರಿಗೆ ದಿನ ಪೂರ್ತಿ ಸಿಕ್ಕಿದೆ ಸರ್ ಅಂದೆ. ಹೂಂ ಅಂದಿದ್ದಾರೆ, ಸಹಿ ಇನ್ನೂ ಹಾಕಿಲ್ಲ.

ಗೇಟ್‌ನವ

ಗೇಟಿನವರ ಹೆಸರು ಎಲ್ಲಿದೆ ಸರ್ ಅದರಲ್ಲಿ?

ಪಾಳಿಪಟ್ಟಿ

ಬೇರೆ ಹಾಳೆಯಲ್ಲಿ ಇದೆ ಅಣ್ಣಾ. ಆ ದಿನ 12 ಗಂಟೆಯ ಡ್ಯೂಟಿಯನ್ನು 6 ಗಂಟೆಯ ಎರಡು ಭಾಗ ಮಾಡುತ್ತೇವೆ, 8ರಿಂದ 2, 2ರಿಂದ 8. ಕೂಲಿ 12 ಗಂಟೆಯದ್ದೇ. ಜಾಸ್ತಿ ಬೀಳುವ ಒಬ್ಬನ ಖರ್ಚು ಕಂಟ್ರಾಕ್ಟರ್ ಬಿಲ್ಲಿನಲ್ಲಿ ನಮ್ಮ ಲೆಕ್ಕಕ್ಕೆ ಬರುತ್ತದೆ.

ಕಾಯಿದೆಕಣ್ಣು

ಬಿಲ್ ಪಾಸ್ ಮಾಡುವ ಮುಂಚೆ ಅವರ ಕೂಲಿ ಪಟ್ಟಿ ತರಿಸಿ ನೋಡಿ. ಕಂಟ್ರಾಕ್ಟರ್ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಡಬೇಕು, 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯ ಕಾಲದಿಂದಲೂ ಇರುವ ನಿಯಮ ಅದು. ಮತ್ತೆ ಹಾಜರಾತಿ ಬೋನಸ್ ಕಾಲಂ ಮರೆಯಬೇಡಿ.

ಗೇಟ್‌ನವ

ಅದನ್ನೇ ಹೇಳಬೇಕು ಅಂತಿದ್ದೆ.